ಹೊಳಿ ದಂಡಿ ಬಯಲು ಬಯಲಾಗಿಯೇ ಉಳಿಯಲಿ

(ಚಿಕ್ಕಪಡಸಲಗಿಯಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯರ ಮುಂದೆ ಆಡಿದ ಮಾತುಗಳ ಬರಹ ರೂಪ)



ಮನೆಯ ಕೆಲಸ, ಹೊಲದ ಕೆಲಸ ಬಿಟ್ಟು ಬಂದು ಕುಳಿತಿದ್ದೀರಿ. ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ನಾವು ಸೇರಿದಾಗಲೆಲ್ಲ ಉಳಿತಾಯ, ಸಾಲ, ಬಡ್ಡಿ, ಪುಸ್ತಕ ಬರೆಯುವುದು ಇಷ್ಟೇ ಮಾತಾಡುತ್ತೇವೆ. ಇವತ್ತು ಬೇರೆ ಮಾತು. ಬಯಲಿನ ಮಾತು.

ಮೊದಲು ನೀವು ನನಗೊಂದು ಹೇಳ್ರಿ. ಸಂಕ್ರಮಣದ ದಿನ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಪಲ್ಯ ಬುತ್ತಿ ಕಟ್ಟಿಕೊಂಡು ಹೊಳಿಗೆ ಹೋಗಿ, ಮಕ್ಕಳು ಮರಿ ಸೇರಿ ಎಲ್ಲಿ ಕುಳಿತು ಉಣ್ಣುತ್ತೀರಿ? ವರ್ಷದ ಕೌದಿಗಳನ್ನೆಲ್ಲ ಒಗೆದು ಎಲ್ಲಿ ಹರವುತ್ತೀರಿ? ಸ್ವಂತ ಹೊಲ ಇಲ್ಲದ ಅಕ್ಕ ತನ್ನ ಎರಡು ಆಡು, ಒಂದು ಎಮ್ಮೆ ಎಲ್ಲಿ ಮೇಯಿಸುತ್ತಾಳೆ? ಹೊಳಿ ಏರಿ ಬಂದಾಗ ಆ ನೀರು ಮೊದಲು ಎಲ್ಲಿ ಹರಡಿಕೊಳ್ಳುತ್ತದೆ?

ಎಲ್ಲದಕ್ಕೂ ಒಂದೇ ಉತ್ತರ. ದಂಡೆಯ ಮೇಲಿನ ಬಯಲು.

ಇನ್ನೊಂದು ಪ್ರಶ್ನೆ. ಆ ಬಯಲು ಯಾರದು? ಯಾವ ಊರಿನಲ್ಲಿ ಕೇಳಿದರೂ ಮೂರು ಥರದ ಉತ್ತರ ಬರುತ್ತವೆ. “ಊರದ್ದ್ರೀ” ಅಂತ ಕೆಲವರು. “ಸರಕಾರದ್ದು” ಅಂತ ಕೆಲವರು. “ಅದು ಅವರ ಹೊಲದ ಅಂಚ್ರೀ, ಅವರು ಬಿಟ್ಟಾರ, ನಾವು ಹೋಗ್ತೀವಿ” ಅಂತ ಇನ್ನು ಕೆಲವರು. ಮೂರೂ ಖರೆ ಇರಬಹುದು. ಆದರೆ ಬಹಳ ಕಡೆ ಇದು ಕಾಗದದ ಮೇಲೆ ಇಲ್ಲ, ಬಾಯಿ ಮಾತಿನ ಮೇಲೆ ನಡೆದಿದೆ. ಹಿರಿಯರು ಬಿಟ್ಟರು, ಮಗ ಬಿಟ್ಟ. ಮೊಮ್ಮಗ ಮಾರಿದ ಅನ್ನಿರಿ. ಕೊಂಡವರು ತಂತಿ ಎಳೆದರು, ನೀರಿನ ತನಕ ಕಬ್ಬು ಹಚ್ಚಿದರು, ಇಲ್ಲವೇ ಇಟ್ಟಂಗಿಗೆ ಮಣ್ಣು ಮಾರಿದರು. ಹೋಗಿ ಕೇಳಿದರೆ “ನನ್ನ ಹೊಲ, ಉತಾರದಾಗ ನನ್ನ ಹೆಸರೈತಿ” ಅನ್ನುತ್ತಾರೆ. ಅವರದು ತಪ್ಪು ಅನ್ನಲಿಕ್ಕೂ ಬರುವುದಿಲ್ಲ. ಬಾಯಿ ಮಾತಿನ ಮೇಲೆ ಉಳಿದ ಬಯಲು, ಆ ಮಾತು ಕೊಟ್ಟವರು ಇರುವ ತನಕ ಮಾತ್ರ ಉಳಿಯುತ್ತದೆ.

ಹಾಗಾದರೆ ಮಾತನ್ನು ಕಾಗದಕ್ಕೆ ಇಳಿಸುವುದು ಹೇಗೆ? ಇವತ್ತಿನ ಮಾತು ಇಷ್ಟೇ.

ಈ ಊರು ಕಲಿಸಿದ ಪಾಠ

ಒಗ್ಗಟ್ಟಿನ ಮಾತನ್ನು ಚಿಕ್ಕಪಡಸಲಗಿಯವರಿಗೆ ನಾನು ಹೇಳಬೇಕಾಗಿಲ್ಲ. ಕೃಷ್ಣೆ ಮುಂದೆಯೇ ಹರಿಯುತ್ತಿದ್ದರೂ ಬೇಸಗೆಯಲ್ಲಿ ನೀರಿಲ್ಲದೆ ಒದ್ದಾಡಿದ ದಂಡೆಯ ರೈತರು, ಸರಕಾರ ಕಟ್ಟಿಕೊಡಲಿ ಅಂತ ಕಾಯದೆ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರ ರೈತ ಸಂಘ ಕಟ್ಟಿಕೊಂಡರು. ತಮ್ಮ ದುಡ್ಡು ಹಾಕಿದರು, ಮೈಮುರಿದು ದುಡಿದರು. 1989ರಲ್ಲಿ ಬ್ಯಾರೇಜು ಎದ್ದು ನಿಂತಿತು. ಅದಕ್ಕೆ ಶ್ರಮಬಿಂದು ಸಾಗರ ಅಂತ ಹೆಸರು. ಬೆವರಿನ ಹನಿಯಿಂದ ಆದ ಸಾಗರ. ನ್ಯಾಮಗೌಡರು 1991ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ಆರಿಸಿ ಹೋದರು. 2018ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಅವರು ಹೋದರೂ ಬ್ಯಾರೇಜಿನ ಹೆಸರಿನ ಜೊತೆ ಅವರ ಹೆಸರು ಉಳಿದಿದೆ.

ನೀರು ನಿಲ್ಲಿಸಲು ಊರೂರು ಕೂಡಿತು. ನೀರು ನಿಂತಿತು, ದಂಡೆಯ ಭೂಮಿಗೆ ಬೆಲೆ ಬಂತು. ಬೆಲೆ ಬಂದ ಮೇಲೆ ಖಾಲಿ ಜಾಗ ಖಾಲಿ ಉಳಿಯುವುದು ಕಠಿಣ. ಅಂದು ಕಟ್ಟುವುದಕ್ಕೆ ಒಗ್ಗಟ್ಟು ಬೇಕಾಗಿತ್ತು. ಇಂದು ಕಟ್ಟದೆ ಬಿಡುವುದಕ್ಕೂ ಒಗ್ಗಟ್ಟು ಬೇಕು.

ಬೋಜಾ ಗೊತ್ತಿದ್ದರೆ ಇದೂ ಗೊತ್ತಾಗುತ್ತದೆ

ನಿಮ್ಮ ಮನೆಯವರು ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ಬೆಳೆಸಾಲ ತೆಗೆದರೆ ಉತಾರದಲ್ಲಿ ಬೋಜಾ ಕೂಡ್ರಿಸುತ್ತಾರೆ. 11ನೇ ಕಾಲಮ್ಮಿನಲ್ಲಿ ಅದು ಬರುತ್ತದೆ. ಬೋಜಾ ಕೂತರೆ ಹೊಲ ನಿಮ್ಮದಲ್ಲ ಅಂತಲ್ಲ. ಹೊಲ ನಿಮ್ಮದೇ. ಬಿತ್ತುತ್ತೀರಿ, ಬೆಳೆಯುತ್ತೀರಿ. ಆದರೆ ಆ ಹೊಲದ ಮೇಲೆ ಇನ್ನೊಬ್ಬರ ಒಂದು ಹಕ್ಕು ಕೂತಿದೆ. ಕೊಳ್ಳುವವನಿಗೆ ಉತಾರ ತೆಗೆಸಿದ ಕೂಡಲೇ ಅದು ಕಾಣುತ್ತದೆ.

ಇದೇ ಥರ ಇನ್ನೊಂದು ಯೋಚನೆ ಮಾಡ್ರಿ. ಹೊಲ ಅಂದರೆ ಒಂದೇ ಹಕ್ಕಲ್ಲ, ಹಕ್ಕುಗಳ ಒಂದು ಗಂಟು. ಉಳುವ ಹಕ್ಕು, ಮಾರುವ ಹಕ್ಕು, ಮಕ್ಕಳಿಗೆ ಹಂಚುವ ಹಕ್ಕು, ಮನೆ ಕಟ್ಟುವ ಹಕ್ಕು, ಪ್ಲಾಟು ಹಾಕುವ ಹಕ್ಕು, ಮಣ್ಣು ತೆಗೆಯುವ ಹಕ್ಕು. ಮಾಲೀಕಳು ಈ ಗಂಟು ಬಿಚ್ಚಿ, “ಉಳುವುದು, ಮಾರುವುದು, ಮಕ್ಕಳಿಗೆ ಕೊಡುವುದು ನನ್ನ ಹತ್ತಿರ ಇರಲಿ. ಇಲ್ಲಿ ಕಟ್ಟಡ ಕಟ್ಟುವುದು, ಮಣ್ಣು ಅಗೆಯುವುದು ಮಾತ್ರ ಬಿಟ್ಟೆ. ನಾನಷ್ಟೇ ಅಲ್ಲ, ನನ್ನ ನಂತರ ಬರುವವರೂ ಮಾಡಬಾರದು” ಅಂತ ಬರೆದು ನೋಂದಣಿ ಮಾಡಿಸಿದರೆ? ಹೊರದೇಶಗಳಲ್ಲಿ ಇದನ್ನು ಕನ್ಸರ್ವೇಶನ್ ಈಸ್‌ಮೆಂಟ್ ಅನ್ನುತ್ತಾರೆ. ನಮ್ಮ ಮಾತಿನಲ್ಲಿ ಬಯಲು ಕಾಯುವ ಬೋಜಾ ಅನ್ನೋಣ. ಸಾಲದ ಬೋಜಾ ಸಾಲ ತೀರಿದರೆ ಇಳಿಯುತ್ತದೆ. ಇದು ಇಳಿಯುವುದಿಲ್ಲ.

ಅಮೆರಿಕದ ಮೇನ್ ರಾಜ್ಯದ ಸಮುದ್ರ ದಂಡೆಯಲ್ಲಿ ಸಣ್ಣ ಸಣ್ಣ ದ್ವೀಪಗಳು ಬಹಳ. ಹಣವಂತರು ಬಂದು ಬೇಸಗೆಯ ಮನೆಗಳನ್ನು ಕಟ್ಟತೊಡಗಿದಾಗ ದಂಡೆಯ ಬಯಲೆಲ್ಲ ಹೋದೀತು ಅಂತ ಚಿಂತೆ ಹತ್ತಿತು. 1970ರಲ್ಲಿ ಅಲ್ಲಿ ಮೇನ್ ಕೋಸ್ಟ್ ಹೆರಿಟೇಜ್ ಟ್ರಸ್ಟ್ ಅಂತ ಒಂದು ಸಂಸ್ಥೆ ಹುಟ್ಟಿತು. ಅದನ್ನು ಆರಂಭಿಸಿದವರಲ್ಲಿ ಪೆಗ್ಗಿ ರಾಕ್‌ಫೆಲ್ಲರ್ ಎಂಬ ಹೆಣ್ಣುಮಗಳೂ ಒಬ್ಬರು. ದ್ವೀಪಗಳ ಮಾಲೀಕರು ಮಾಲೀಕತ್ವ ಉಳಿಸಿಕೊಂಡು ಕಟ್ಟುವ ಹಕ್ಕನ್ನು ಬರೆದುಕೊಟ್ಟರು. 1981ರಲ್ಲಿ ಇಂಥ ಪತ್ರಗಳಿಗೆ ಮಾದರಿ ಕಾನೂನು ತಯಾರಾಗಿ ಆ ದೇಶದ ಬಹಳಷ್ಟು ರಾಜ್ಯಗಳು ಅಂಥ ಕಾನೂನು ಮಾಡಿಕೊಂಡವು. ಪತ್ರ ಹಿಡಿದ ಸಂಸ್ಥೆಯವರು ವರ್ಷ ವರ್ಷ ಹೋಗಿ ಜಾಗ ನೋಡಿ ಬರುತ್ತಾರೆ. ಬರೆದುಕೊಟ್ಟವರಿಗೆ ತೆರಿಗೆಯಲ್ಲಿ ರಿಯಾಯಿತಿಯೂ ಸಿಗುತ್ತದೆ.

ನಮ್ಮ ಕಾನೂನಿನಲ್ಲಿ ಏನಿದೆ?

ಈಸ್‌ಮೆಂಟ್ ಅನ್ನುವುದು ನಮಗೂ ಹೊಸದಲ್ಲ. 1882ರ ಕಾಯಿದೆ ಇದೆ. ಪಕ್ಕದ ಹೊಲದಲ್ಲಿ ಹಾದು ನಿಮ್ಮ ಹೊಲಕ್ಕೆ ಹೋಗುವ ವಹಿವಾಟಿನ ದಾರಿ, ನೀರು ಹರಿಯುವ ಕಾಲುವೆ, ಇವೇ ಈಸ್‌ಮೆಂಟ್. ತಡೆಯಿಲ್ಲದೆ 20 ವರ್ಷ ಹಕ್ಕಿನಿಂದ ನಡೆದ ದಾರಿ ಹಕ್ಕಾಗುತ್ತದೆ ಅಂತ ಹಿರಿಯರು ಅನ್ನುವುದು ಇದೇ ಕಾಯಿದೆಯ ಮಾತು.

ಆದರೆ ಒಂದು ತೊಡಕು. ನಮ್ಮ ಕಾಯಿದೆಯ ಈಸ್‌ಮೆಂಟು ಒಂದು ಹೊಲದ ಅನುಕೂಲಕ್ಕೆ ಇನ್ನೊಂದು ಹೊಲದ ಮೇಲೆ ಇರುವ ಹಕ್ಕು. ಎರಡು ಜಮೀನು ಬೇಕು. “ಊರಿನ ಹೆಂಗಸರಿಗಾಗಿ, ದನಗಳಿಗಾಗಿ, ಹಕ್ಕಿಗಳಿಗಾಗಿ ಈ ಜಾಗ ಸದಾ ಬಯಲಾಗಿರಲಿ” ಅಂತ ಬರೆದರೆ ಆ ಕಾಯಿದೆಗೆ ಅದು ಕೂಡುವುದಿಲ್ಲ. ಅಮೆರಿಕದ ಪತ್ರವನ್ನು ತಂದು ಜಮಖಂಡಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಾಗೇ ನೋಂದಣಿ ಮಾಡಿಸಿದರೆ ಕೆಲಸ ಆಗುತ್ತದೆ ಅಂತ ನಾನು ನಿಮಗೆ ಸುಳ್ಳು ಭರವಸೆ ಕೊಡುವುದಿಲ್ಲ.

ನಮ್ಮ ಕರಾವಳಿಯನ್ನು ಕಾಯುವುದು ಬೇರೆ ದಾರಿ, ಸರಕಾರದ ನಿಯಮ. 1991ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಬಂದ ಮೇಲೆ ಕಾರವಾರ, ಉಡುಪಿ, ಮಂಗಳೂರು ಕಡೆ ಹಳ್ಳಿಗಾಡಿನ ದಂಡೆಯಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ತನಕ ಹೊಸ ಕಟ್ಟಡಕ್ಕೆ ತಡೆ ಬಂತು. 2019ರಲ್ಲಿ ಹೊಸ ಅಧಿಸೂಚನೆ ಬಂದು, ಜನ ದಟ್ಟವಾಗಿರುವ ಹಳ್ಳಿಗಳಲ್ಲಿ ಆ 200 ಮೀಟರು 50 ಮೀಟರಿಗೆ ಇಳಿಯಿತು. ಮೇಲಿನಿಂದ ಬಂದ ನಿಯಮ ಮೇಲಿನವರ ಒಂದು ಕಾಗದದಿಂದ ಬದಲಾಗುತ್ತದೆ. ಅಲ್ಲದೆ ಈ ನಿಯಮ ಸಮುದ್ರಕ್ಕೆ ಮತ್ತು ಉಬ್ಬರದ ನೀರು ಬರುವ ಹೊಳೆಗಳಿಗೆ ಮಾತ್ರ. ನಮ್ಮ ಕೃಷ್ಣೆಯ ದಂಡೆಗೆ ಇಲ್ಲ.

ಕೊಕ್ಕರೆ ಬೆಳ್ಳೂರಿನವರು ಮಾಡಿದ್ದು

ಹಾಗಾದರೆ ಊರಿನವರೇ ಇಷ್ಟಪಟ್ಟು ತಮ್ಮ ಜಾಗವನ್ನು ಕಟ್ಟಿಹಾಕಿಕೊಂಡ ಉದಾಹರಣೆ ನಮ್ಮ ನಾಡಿನಲ್ಲಿ ಇಲ್ಲವೇ? ಇದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು.

ಶಿಂಷಾ ಹೊಳೆಗೆ ಹತ್ತಿರದ ಊರು. ಅಲ್ಲಿಯ ಮನೆಗಳ ಹಿತ್ತಲಿನ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟಿ ಮರಿ ಮಾಡುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಊರಿನವರು ಆ ಹಕ್ಕಿಗಳನ್ನು ನೋಡಿಕೊಂಡು ಬಂದಿದ್ದಾರೆ. ಅವುಗಳ ಹಿಕ್ಕೆ ಹೊಲಕ್ಕೆ ಗೊಬ್ಬರ. ಆದರೆ ಹಕ್ಕಿ ಕೂತ ಮರದ ಹುಣಸೆ ಹಣ್ಣು ಕೈಗೆ ಸಿಗುವುದಿಲ್ಲ. ಬಡವರಿಗೆ ಅದು ದೊಡ್ಡ ನಷ್ಟ. ಮರ ಕಡಿದು ಮಾರಿದರೆ ದುಡ್ಡು. ಅದಕ್ಕೆ ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಡುವ ಪದ್ಧತಿ ಬಂತು. ಊರಿನ ಯುವಕರು ಹೆಜ್ಜಾರ್ಲೆ ಬಳಗ ಅಂತ ಮಾಡಿಕೊಂಡು ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿದರು.

2002ರಲ್ಲಿ ವನ್ಯಜೀವಿ ಕಾಯಿದೆಗೆ ತಿದ್ದುಪಡಿಯಾಗಿ ಸಮುದಾಯ ಮೀಸಲು ಪ್ರದೇಶ ಅನ್ನುವ ಹೊಸ ದಾರಿ ತೆರೆಯಿತು. ಊರಿನವರು ಅಥವಾ ಒಬ್ಬ ಮಾಲೀಕರು ತಾವಾಗಿ ಮುಂದೆ ಬಂದರೆ ಅವರ ಖಾಸಗಿ ಜಮೀನನ್ನೂ ಊರ ಜಮೀನನ್ನೂ ಸರಕಾರ ಹೀಗೆ ಘೋಷಿಸಬಹುದು. ಸರಕಾರ ಜಮೀನು ಕಸಿದುಕೊಳ್ಳುವುದಿಲ್ಲ, ಮಾಲೀಕತ್ವ ಹೋಗುವುದಿಲ್ಲ. ಆದರೆ ಘೋಷಣೆಯ ಮೇಲೆ ಆ ಜಾಗದ ಬಳಕೆ ಬದಲಿಸಬೇಕಾದರೆ ಸಮಿತಿಯ ಠರಾವು ಬೇಕು, ಸರಕಾರದ ಒಪ್ಪಿಗೆಯೂ ಬೇಕು. ಗ್ರಾಮ ಪಂಚಾಯ್ತಿ ನೇಮಿಸುವ ಊರಿನ ಪ್ರತಿನಿಧಿಗಳೂ ಆ ಸಮಿತಿಯಲ್ಲಿ ಇರುತ್ತಾರೆ. ಕೊಕ್ಕರೆ ಬೆಳ್ಳೂರು 2007ರಲ್ಲಿ ಹಾಗೆ ಸಮುದಾಯ ಮೀಸಲು ಪ್ರದೇಶವಾಯಿತು. ಮೇನ್ ದಂಡೆಯ ಪತ್ರಕ್ಕೆ ನಮ್ಮ ಕಾನೂನಿನಲ್ಲಿ ಅತಿ ಹತ್ತಿರದ ನೆಂಟ ಇದು ಅಂತ ನನಗೆ ಅನಿಸುತ್ತದೆ.

ಇದು ಕಾಡುಪ್ರಾಣಿ, ಹಕ್ಕಿಗಳ ನೆಲೆ ಇರುವ ಜಾಗಕ್ಕೆ ಮಾತ್ರ. ಕೌದಿ ಹರವುವ ಬಯಲಿಗೆ ಇದೇ ದಾರಿ ಹಿಡಿಯಲಿಕ್ಕೆ ಆಗುವುದಿಲ್ಲ. ಆದರೆ ಕಲಿಯುವ ಪಾಠ ಇದೆ. ಅಲ್ಲಿ ಮೊದಲು ಊರಿನ ಮನಸ್ಸು ಬಂತು, ಆಮೇಲೆ ನಷ್ಟಕ್ಕೆ ಪರಿಹಾರ ಬಂತು, ಆಮೇಲೆ ಕಾಗದ ಬಂತು. ಬಡ ಮಾಲೀಕಳಿಗೆ “ನೀನು ಬಯಲು ಬಿಡು, ನಷ್ಟ ನೀನೇ ಉಣ್ಣು” ಅಂದರೆ ಬಯಲು ಉಳಿಯುವುದಿಲ್ಲ.

ನಮ್ಮ ದಂಡೆಯಲ್ಲಿ ಏನು ಮಾಡಬಹುದು?

ಮೊದಲು ಯಾವ ಜಾಗ ಯಾರದು ಅಂತ ಬೇರೆ ಮಾಡಿಕೊಳ್ಳಬೇಕು.

ಒಂದು, ಹೊಳೆಯ ಒಡಲು. 1964ರ ಕರ್ನಾಟಕ ಭೂ ಕಂದಾಯ ಕಾಯಿದೆಯ 67ನೇ ಕಲಮಿನ ಪ್ರಕಾರ ಹೊಳೆ, ಹಳ್ಳ, ಸಾರ್ವಜನಿಕ ದಾರಿ ಸರಕಾರದ ಆಸ್ತಿ. ಅಲ್ಲಿ ಯಾರಾದರೂ ಬೇಲಿ ಹಾಕಿದರೆ ಅದು ಒತ್ತುವರಿ. ತಹಶೀಲ್ದಾರರಿಗೆ ಅರ್ಜಿ ಕೊಡಬಹುದು.

ಎರಡು, ಗಾಯರಾಣ, ಗೋಮಾಳ. ಇದೇ ಕಾಯಿದೆಯ 71ನೇ ಕಲಮಿನ ಪ್ರಕಾರ ದನ ಮೇಯಲು, ಊರಿನ ಇತರ ಕೆಲಸಕ್ಕೆ ಜಾಗ ತೆಗೆದಿಡಬಹುದು. 100 ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಅಂತ 1966ರ ನಿಯಮ ಹೇಳುತ್ತದೆ. ಊರ ಜಾಗದ ಒತ್ತುವರಿ ತೆರವು ಮಾಡಿಸಲು ಎಲ್ಲ ರಾಜ್ಯಗಳೂ ಯೋಜನೆ ಮಾಡಬೇಕು ಅಂತ ಸುಪ್ರೀಂ ಕೋರ್ಟು 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಹೇಳಿದೆ.

ಮೂರು, ಖಾಸಗಿ ಹೊಲದ ಅಂಚು. ಇಲ್ಲಿ ಒತ್ತಾಯ ನಡೆಯುವುದಿಲ್ಲ, ಮಾತುಕತೆ ಬೇಕು. ಮಾಲೀಕರು ಒಪ್ಪಿದರೆ ಒಂದಿಷ್ಟು ಗುಂಟೆಯನ್ನು ಪಂಚಾಯ್ತಿಗೆ ಘಾಟಿಗಾಗಿ ಅಂತ ಉದ್ದೇಶ ಬರೆದು ದಾನಪತ್ರ ಮಾಡಬಹುದು. ಅದು ನೋಂದಣಿ ಆಗಬೇಕು, ಇಬ್ಬರು ಸಾಕ್ಷಿ ಬೇಕು.   ಇವೆಲ್ಲ ಅಮೆರಿಕದ ಪತ್ರದಷ್ಟು ಗಟ್ಟಿಯಲ್ಲ, ಆದರೆ ಬಾಯಿ ಮಾತಿಗಿಂತ ಗಟ್ಟಿ.

“ಮುಳುಗೋ ಭೂಮಿಗೆ ಯಾಕ್ರಿ ಇಷ್ಟೆಲ್ಲ?”

ಈ ಮಾತು ನಿಮ್ಮ ಮನಸ್ಸಿನಲ್ಲಿ ಇದ್ದೇ ಇದೆ. ಆಲಮಟ್ಟಿ ಅಣೆಕಟ್ಟಿನಲ್ಲಿ ನೀರಿನ ಮಟ್ಟ 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಅವಕಾಶ ಕೊಟ್ಟಿದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ದರ ತೀರ್ಮಾನಿಸಿತು. ನೀರು ಏರಿದರೆ ಇಂದಿನ ದಂಡೆ ಮುಳುಗಿ ದಂಡೆ ಮೇಲೆ ಸರಿಯುತ್ತದೆ.

ಆದ್ದರಿಂದಲೇ ಈಗ ಮಾತಾಡಬೇಕು. ದರ ಗೊತ್ತಾಗಿದ್ದು ಹೊಲಕ್ಕೆ. ಎಮ್ಮೆ ಮೇಯುವ ಬಯಲಿಗೆ, ಸಂಕ್ರಮಣದ ಬುತ್ತಿ ಬಿಚ್ಚುವ ಜಾಗಕ್ಕೆ ಯಾರ ಕೈಗೂ ಚೆಕ್ಕು ಬರುವುದಿಲ್ಲ. ಹೊಲ ಇಲ್ಲದ ಅಕ್ಕ ಕಳೆದುಕೊಳ್ಳುವುದು ಅದನ್ನೇ. 2013ರ ಭೂಸ್ವಾಧೀನ ಕಾಯಿದೆಯ ಮೂರನೇ ಅನುಸೂಚಿಯಲ್ಲಿ ಪುನರ್ವಸತಿ ಊರಿಗೆ ಕೊಡಬೇಕಾದ ಸೌಕರ್ಯಗಳ ಪಟ್ಟಿ ಇದೆ. ಅದರಲ್ಲಿ ದನಗಳಿಗೆ ಕುಡಿಯುವ ನೀರು, ಮೇವಿನ ಜಾಗ, ಸ್ಮಶಾನ ಎಲ್ಲ ಸೇರಿವೆ. ಆದರೆ ನಮ್ಮೂರಿನಲ್ಲಿ ಇಂಥ ಜಾಗ ಇತ್ತು, ಇಷ್ಟು ಜನ ಬಳಸುತ್ತಿದ್ದರು ಅಂತ ಮೊದಲೇ ದಾಖಲೆಯಾಗಿದ್ದರೆ ಕೇಳುವ ಬಾಯಿಗೆ ಬಲ ಬರುತ್ತದೆ. ಬರೆದಿಡದೆ ಹೋದದ್ದನ್ನು ನಾಳೆ ಯಾರೂ ಲೆಕ್ಕ ಹಿಡಿಯುವುದಿಲ್ಲ. ಹೊಸ ದಂಡೆ ಎಲ್ಲಿ ಬರುತ್ತದೋ ಅಲ್ಲಿಯೂ ಒಂದು ಬಯಲು ಬೇಕು ಅಂತ ನಕ್ಷೆ ಎಳೆಯುವ ಮೊದಲೇ ಹೇಳಬೇಕು.

ಸಂಘದಿಂದ ಮಾಡುವ ಕೆಲಸಗಳು

1. ಒಂದು ಸಭೆಯಲ್ಲಿ ಕೂತು ಹೆಂಗಸರು ಬಳಸುವ ಎಲ್ಲ ಬಯಲು ಜಾಗಗಳ ಪಟ್ಟಿ ಮಾಡಿರಿ. ಘಾಟು, ಗಾಯರಾಣ, ಸ್ಮಶಾನ, ದಾರಿ ಎಲ್ಲವೂ ಬರಲಿ. ಯಾರು, ಯಾವಾಗ, ಯಾವುದಕ್ಕೆ ಬಳಸುತ್ತಾರೆ ಬರೆಯಿರಿ.

2. ಪ್ರತಿ ಜಾಗದ ಸರ್ವೆ ನಂಬರು ಹಿಡಿದು ನಾಡ ಕಚೇರಿಯಲ್ಲಿ ಉತಾರ ತೆಗೆಸಿರಿ. 9ನೇ ಕಾಲಮ್ಮಿನಲ್ಲಿ ಯಾರ ಹೆಸರು, 11ರಲ್ಲಿ ಏನಿದೆ ನೋಡಿರಿ. ದಾಖಲೆ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿರಿ.

3. ಆ ಪಟ್ಟಿಯನ್ನು ವಾರ್ಡ್ ಸಭೆಗೆ, ಗ್ರಾಮ ಸಭೆಗೆ ಒಯ್ಯಿರಿ. ಒಬ್ಬಿಬ್ಬರು ಹೋಗಬೇಡಿರಿ, ಸಂಘಕ್ಕೆ ಸಂಘವೇ ಹೋಗಿರಿ. “ಈ ಜಾಗಗಳು ಬಯಲಾಗಿಯೇ ಉಳಿಯಬೇಕು” ಅಂತ ಠರಾವು ಬರೆಸಿ, ಓದಿಸಿ ಕೇಳಿ, ನಕಲು ಪಡೆದು ಸಂಘದ ಫೈಲಿನಲ್ಲಿ ಇಡಿರಿ.

4. ಪಂಚಾಯ್ತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯಲ್ಲಿ ಯಾರಿದ್ದಾರೆ ಕೇಳಿರಿ. 2002ರ ಕಾಯಿದೆಯ ಪ್ರಕಾರ ಈ ಸಮಿತಿ ಇರಬೇಕು, ಅದರಲ್ಲಿ ಹೆಂಗಸರೂ ಇರಬೇಕು. ಊರಿನ ಗಿಡ, ಹಕ್ಕಿ, ಮೇವಿನ ಜಾಗಗಳ ದಾಖಲಾತಿ ಅದರ ಕೆಲಸ.

5. ಖಾಸಗಿ ಮಾಲೀಕರ ಜೊತೆ ಜಗಳದಿಂದ ಶುರು ಮಾಡಬೇಡಿರಿ. ಅವರ ಮನೆಯ ಅವ್ವಂದಿರೂ ಅದೇ ಘಾಟಿಗೆ ಬರುವವರು. ಅಲ್ಲಿಂದ ಮಾತು ಶುರುವಾಗಲಿ.

ಒಂದು ಎಚ್ಚರಿಕೆ. ಹಕ್ಕು ಬಿಟ್ಟುಕೊಡುವ ಯಾವ ಪತ್ರಕ್ಕೂ ಓದದೆ ಸಹಿ ಮಾಡಬೇಡಿರಿ, ಹೆಬ್ಬೆಟ್ಟು ಒತ್ತಬೇಡಿರಿ. ಬಯಲಿಗಾಗಿ ಮನಸಾರೆ ಒಂದು ಹಕ್ಕು ಬಿಡುವುದು ಬೇರೆ, ಅಣ್ಣತಮ್ಮಂದಿರ ಒತ್ತಾಯಕ್ಕೆ ತವರಿನ ಪಾಲಿನ ಹಕ್ಕು ಬಿಡುವುದು ಬೇರೆ. 2005ರ ತಿದ್ದುಪಡಿಯ ಮೇಲೆ ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ಯಾವ ಹಕ್ಕು ಬಿಡುತ್ತೇವೆ, ಯಾವುದು ಉಳಿಯುತ್ತದೆ, ಯಾರಿಗೆ ಕೊಡುತ್ತೇವೆ, ಎಷ್ಟು ವರ್ಷಕ್ಕೆ, ಈ ನಾಲ್ಕು ಗೊತ್ತಾಗದೆ ಪೆನ್ನು ಹಿಡಿಯಬೇಡಿರಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ಉಚಿತ ಸಲಹೆ ಸಿಗುತ್ತದೆ.

ಅಕ್ಕಂದಿರೇ, ವಾರ ವಾರ ಸ್ವಲ್ಪ ಸ್ವಲ್ಪ ಕಟ್ಟಿ ಸಂಘದ ಪೆಟ್ಟಿಗೆ ತುಂಬಿಸಿದವರು ನೀವು. ಕೈಯಲ್ಲಿ ಇದ್ದರೆ ಖರ್ಚಾಗುತ್ತದೆ ಅಂತ ಅದನ್ನು ಪುಸ್ತಕದಲ್ಲಿ ಬರೆದು ಬ್ಯಾಂಕಿನಲ್ಲಿ ಇಟ್ಟಿರಿ. ಬಯಲೂ ಊರಿನ ಉಳಿತಾಯವೇ. ಅದನ್ನೂ ಪುಸ್ತಕದಲ್ಲಿ ಬರೆಯೋಣ. ಮುಂದಿನ ಗ್ರಾಮ ಸಭೆಯ ತಾರೀಖು ಇವತ್ತೇ ಪಂಚಾಯ್ತಿಯಲ್ಲಿ ಕೇಳಿಕೊಂಡು ಹೋಗ್ರಿ.



ಸಂಘದ ಸಭೆಯಲ್ಲಿ ಚರ್ಚಿಸಲು:

• ನಮ್ಮ ಅಮ್ಮಂದಿರ ಕಾಲದಲ್ಲಿ ಇದ್ದು ಈಗ ಇಲ್ಲದ ಬಯಲು ಜಾಗ ಯಾವುದು? ಅದು ಹೇಗೆ ಹೋಯಿತು?

• ಈಗ ಬಾಯಿ ಮಾತಿನ ಮೇಲೆ ಮಾತ್ರ ಬಳಸುತ್ತಿರುವ ಜಾಗಗಳು ಯಾವುವು?

• ಬಯಲು ಬಿಟ್ಟುಕೊಟ್ಟ ಮಾಲೀಕರಿಗೆ ಊರು ಏನು ಕೊಡಬಹುದು?

• ಊರು ಸ್ಥಳಾಂತರವಾದರೆ ಹೊಸ ಊರಿನ ನಕ್ಷೆಯಲ್ಲಿ ಹೆಂಗಸರಿಗೆ ಬೇಕಾದ ಮೂರು ಜಾಗಗಳು ಯಾವುವು?